ಪ್ರಶ್ನೆಯೂ ಭಿನ್ನರಾಶಿಯೂ

ಹಸು, ಕುದುರೆ, ಪುರುಷ, ಆನೆ ಎಂದು ನಾಲ್ಕು ಪದಗಳನ್ನು ಸಾಲಾಗಿ ಉಚ್ಚರಿಸಿದ ಮಾತ್ರಕ್ಕೆ ವಾಕ್ಯವಾಗುವುದಿಲ್ಲವೆಂಬುದು ತರ್ಕಪಾಠವನ್ನು ಆರಂಭಿಸಿದ ಬಾಲಕನಿಗೂ ವಿದಿತವಾದ ವಿಷಯ. ಪದಕ್ಕೆ ಪದಾಂತರದ ಆಕಾಂಕ್ಷೆಯಿಲ್ಲದೆ ವಾಕ್ಯಾರ್ಥವು ಹುಟ್ಟದು. ಮೀಮಾಂಸಕರು ಈ ಆಕಾಂಕ್ಷೆಗೆ ಪ್ರಶ್ನೆಯ ರೂಪವನ್ನೇ ಕೊಟ್ಟರು. ಸ್ವರ್ಗಕಾಮನು ಯಾಗಮಾಡಬೇಕೆಂಬ ವಿಧಿಯನ್ನು ಕೇಳಿದೊಡನೆ ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು ಎಂಬ ಮೂರು ಪ್ರಶ್ನೆಗಳು ಏಳುತ್ತವೆ. ಸ್ವರ್ಗವನ್ನು, ಯಾಗದಿಂದ, ಪ್ರಯಾಜಾದಿ ಅಂಗಗಳೊಡನೆ ಎಂಬ ಉತ್ತರಗಳು ಆ ಮೂರು ತೆರಪುಗಳನ್ನು ತುಂಬುತ್ತವೆ.

ವಾಕ್ಯದೊಳಗಿನ ಇಂತಹ ತೆರಪನ್ನು ಗಣಿತದಿಂದ ಅಳೆಯಲು ಹೊರಟವರು ಪೋಲೆಂಡಿನ ತರ್ಕಪಂಡಿತರು. ಅವರಿಗೆ ನಮ್ಮ ಶಾಸ್ತ್ರಗಳ ಋಣವಿತ್ತೆಂದು ಹೇಳುವುದು ಸಾಹಸವಾದೀತು. ಹುಸ್ಸೆರ್ಲನು 1900–01ರಲ್ಲಿ ಪ್ರಕಟಿಸಿದ ಅರ್ಥವರ್ಗಗಳ ವಿಚಾರವೂ ವಾರ್ಸಾ ನಗರದ ಲೆಸ್ನ್ಯೆವ್ಸ್ಕಿಯವರ ತರ್ಕವೂ ಅವರಿಗೆ ಮೂಲ. ಇವುಗಳ ಆಧಾರದ ಮೇಲೆ ಲ್ವೂಫ್ ನಗರದ ಅಧ್ಯಾಪಕ ಕಾಜಿಮಿಯೆಷ್ ಐದುಕೇವಿಚ್ (1890–1963) ಅವರು ಪದಗಳ ಅನ್ವಯವನ್ನು ಕುರಿತು 1935ರಲ್ಲಿ ಜರ್ಮನ್ ಭಾಷೆಯಲ್ಲಿ ಲೇಖನವೊಂದನ್ನು ಬರೆದರು. ಆ ನಗರವು ಅಂದು ಪೋಲೆಂಡಿಗೆ ಸೇರಿದ್ದಿತು, ಇಂದು ಯುಕ್ರೇನಿನಲ್ಲಿದೆ. ಲೆಸ್ನ್ಯೆವ್ಸ್ಕಿಯವರು 1939ರಲ್ಲಿ ತೀರಿಕೊಂಡರು. ಅವರ ಹಸ್ತಪ್ರತಿಗಳು 1944ರ ವಾರ್ಸಾ ದಂಗೆಯಲ್ಲಿ ಭಸ್ಮವಾದವು. ಶಿಷ್ಟಲೋಕದ ಪುಣ್ಯದಿಂದ ಐದುಕೇವಿಚ್ಚರ ಲೇಖನವು ಅಷ್ಟರೊಳಗೆ ಅಚ್ಚಾಗಿದ್ದಿತು.

ಇವರ ಕ್ರಮವು ಅತಿ ಸರಳ. ವಾಕ್ಯವೊಂದು, ನಾಮವೊಂದು, ಎರಡೇ ಮೂಲವರ್ಗಗಳು. ‘ರಾಮನು’ ಎಂಬುದು ನಾಮ. ‘ಬಂದನು’ ಎಂಬುದು ನಾಮವೊಂದನ್ನು ಪಡೆದು ವಾಕ್ಯವಾಗತಕ್ಕದ್ದು. ಆದುದರಿಂದ ಅದನ್ನು ವಾಕ್ಯವು ಅಂಶವಾಗಿಯೂ ನಾಮವು ಛೇದವಾಗಿಯೂ ಇರುವ ಭಿನ್ನರಾಶಿಯೆಂದು ಬರೆಯಬೇಕು. ಎರಡನ್ನೂ ಕೂಡಿಸಿದರೆ ಛೇದವು ಹೊಡೆದುಹೋಗಿ ವಾಕ್ಯವೊಂದೇ ಉಳಿಯುವುದು. ಛೇದವೆಂಬುದು ಆಕಾಂಕ್ಷೆಯ ಅಂಕೆಯಲ್ಲದೆ ಬೇರೇನು? ಇದಕ್ಕೇ ವರ್ಗಾತ್ಮಕ ವ್ಯಾಕರಣವೆಂದು ಹೆಸರಾಯಿತು. ಯಂತ್ರಗಳಿಂದ ಭಾಷಾಂತರ ಮಾಡಿಸುವ ಯತ್ನದಲ್ಲಿದ್ದ ಬಾರ್ ಹಿಲ್ಲೆಲ್ ಎಂಬುವರು 1953ರಲ್ಲಿ ತೆರಪು ಪದದ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬ ಭೇದವನ್ನು ಸೇರಿಸಿದರು. 1958ರಲ್ಲಿ ಕೆನಡಾದ ಗಣಿತಜ್ಞ ಲಾಂಬೆಕ್ ಅವರು ಅದನ್ನು ಪೂರ್ಣವಾದ ಗಣಿತವನ್ನಾಗಿ ಬೆಳೆಸಿದರು.

ಆದರೆ ಪ್ರಶ್ನೆಯ ಗತಿಯೇನು? ಆಶ್ಚರ್ಯವೆಂದರೆ, ಐದುಕೇವಿಚ್ಚರೇ 1920ರ ದಶಕದಿಂದ ಪ್ರಶ್ನಾವಾಕ್ಯಗಳನ್ನು ಕುರಿತು ವಿಚಾರ ನಡೆಸಿದ್ದರು. ಪ್ರಶ್ನೆಯೆಂದರೆ ಅಜ್ಞಾತವೊಂದನ್ನು ಒಳಗೊಂಡ ವಾಕ್ಯದ ಹಂದರ, ಉತ್ತರವು ಆ ಅಜ್ಞಾತದ ಸ್ಥಾನವನ್ನು ತುಂಬುವುದು ಎಂಬುದು ಅವರ ಮತ. ಹೌದು-ಅಲ್ಲ ಎಂಬ ನಿರ್ಣಯವನ್ನು ಬೇಡುವ ಪ್ರಶ್ನೆ ಬೇರೆ, ಪೂರಣವನ್ನು ಬೇಡುವ ಪ್ರಶ್ನೆ ಬೇರೆಯೆಂದೂ ಅವರು ವಿಂಗಡಿಸಿದರು. ಇಷ್ಟಾದರೂ 1935ರ ಲೇಖನದ ಮೂಲವರ್ಗಗಳಲ್ಲಿ ಪ್ರಶ್ನೆಗೆ ಸ್ಥಾನವಿಲ್ಲ. ಒಂದೇ ಕೈಯ ಎರಡು ಕೃಷಿಗಳು ನಡುವೆ ಬದುವಿಟ್ಟಂತೆ ಬೇರೆ ಬೇರೆಯಾಗಿಯೇ ಉಳಿದವು.

ಆ ಬದುವನ್ನು ಒಡೆಯುವ ಯತ್ನವು 1970ರ ದಶಕದ ಕೊನೆಯಲ್ಲಿ ನಡೆಯಿತು. ಜರ್ಮನಿಯ ರೋಲಂಡ್ ಹೌಸರ್ ಮೊದಲಾದವರು ಪ್ರಶ್ನೆಗೂ ಭಿನ್ನರಾಶಿಯನ್ನೇ ಕೊಟ್ಟರು: ಉತ್ತರದ ವರ್ಗ ಯಾವುದೋ ಅದೇ ಪ್ರಶ್ನೆಯ ಛೇದ. ಕನ್ನಡಿಗರಿಗೆ ಇದರ ಔಚಿತ್ಯವು ಒಡನೆ ಹೊಳೆಯುತ್ತದೆ. ‘ಯಾರು ಬಂದರು?’ ಎಂದರೆ ‘ರಾಮನು’, ‘ಯಾರನ್ನು ಕರೆದರು?’ ಎಂದರೆ ‘ರಾಮನನ್ನು’. ಎರಡನೆಯದಕ್ಕೆ ಪ್ರಥಮಾವಿಭಕ್ತಿಯಲ್ಲಿ ಉತ್ತರ ಕೊಟ್ಟವನನ್ನು ಯಾರಾದರೂ ತಿದ್ದದೆ ಬಿಡರು. ಒಂದೇ ಪದದ ಉತ್ತರವೂ ಪ್ರಶ್ನೆಯ ವಿಭಕ್ತಿಗೆ ಬದ್ಧವಾಗಿರುವುದು.

ಪ್ರತಿಪಕ್ಷವೂ ದುರ್ಬಲವಲ್ಲ. ಆಸ್ಟ್ರೇಲಿಯಾದ ಹ್ಯಾಂಬ್ಲಿನ್ ಅವರು 1958ರಲ್ಲಿಯೇ, ಯಾವುದು ಉತ್ತರವಾಗಬಲ್ಲುದೆಂದು ತಿಳಿಯುವುದೇ ಪ್ರಶ್ನೆಯನ್ನು ತಿಳಿಯುವುದೆಂದು ಸಾಧಿಸಿದ್ದರು; ಅವರ ದಾರಿಯನ್ನು ಹಿಡಿದ ಕಾರ್ಟುನೆನ್ 1977ರಲ್ಲಿ ಪ್ರಶ್ನೆಗಳೆಲ್ಲಕ್ಕೂ ಒಂದೇ ವರ್ಗವಿರಬೇಕೆಂದರು. ಪ್ರತಿ ಪ್ರಶ್ನೆಗೂ ಬೇರೆ ಬೇರೆ ಛೇದವಿದ್ದರೆ, ‘ತಿಳಿ’ ಎಂಬ ಒಂದೇ ಧಾತುವು ಅವೆಲ್ಲವನ್ನೂ ಹೇಗೆ ಅಪೇಕ್ಷಿಸೀತು? ಇದಕ್ಕೂ ಕನ್ನಡವು ಸಾಕ್ಷಿಯಾಗಿದೆ. ನೇರ ಪ್ರಶ್ನೆಯಲ್ಲಿ ‘ಯಾರು ಬಂದರು?’ ‘ರಾಮನು ಬಂದನೇ?’ ಎಂದು ರೂಪಗಳು ಬೇರೆಯಾದರೂ, ‘ಯಾರು ಬಂದರೋ ತಿಳಿಯದು’, ‘ರಾಮನು ಬಂದನೋ ಇಲ್ಲವೋ ತಿಳಿಯದು’ ಎಂಬಲ್ಲಿ ಎರಡಕ್ಕೂ ಓಕಾರವೊಂದೇ.

1984ರಲ್ಲಿ ಆಮ್‌ಸ್ಟರ್‌ಡಾಮಿನ ಖ್ರುನೆನ್‌ಡೈಕ್ ಮತ್ತು ಸ್ಟೊಕ್‌ಹೊಫ್ ಎಂಬಿಬ್ಬರು ಎರಡನ್ನೂ ಉಳಿಸಿಕೊಂಡರು: ಮೊದಲು ತೆರಪುಳ್ಳ ಹಂದರ, ಅದರಿಂದ ಎಲ್ಲ ಪ್ರಶ್ನೆಗಳಿಗೂ ಸಾಧಾರಣವಾದ ಒಂದು ಅರ್ಥ. ‘ಯಾರು ಬಂದರೋ’ ಎಂಬಲ್ಲಿಯೂ ತೆರಪನ್ನು ತೋರುವ ‘ಯಾರು’ ತನ್ನ ಸ್ಥಾನದಲ್ಲಿಯೇ ಇದೆ. ಓಕಾರವು ಬೇರೆಯಾಗಿ ಕ್ರಿಯಾಪದದ ಕೊನೆಯಲ್ಲಿ ನಿಂತಿದೆ.