ಬ್ರಹ್ಮಪುರಿಯ ಕಂಚು, ಕೋರೆಷನ ಪಟ್ಟಿ

ನಿಪ್ಪಾಣಿಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದವರಿಗೆ ಗಡಿಗೆ ಮುನ್ನ ಸಿಗುವ ಊರು ಕೊಗನೊಳ್ಳಿ. ಅದರಾಚೆ ಕಾಗಲ್, ಕಾಗಲಿನಾಚೆ ಪಂಚಗಂಗೆಯ ದಡದ ಕೊಲ್ಹಾಪುರ. ಈ ಗಡಿ ರಾಜ್ಯಗಳ ಪುನರ್ವಿಂಗಡಣೆಯ ಕಾಲದ್ದು. ಅದಕ್ಕಿಂತ ಬಹು ಹಿಂದೆ ಕೊಲ್ಹಾಪುರದ ಶಿಲಾಹಾರ ಅರಸರು ಕನ್ನಡದಲ್ಲಿಯೂ ಶಾಸನಗಳನ್ನು ಹಾಕಿಸಿದ್ದರು. ಆ ಶಾಸನಗಳನ್ನು ಓದಿ 1939ರಲ್ಲಿ ಗ್ರಂಥರೂಪಕ್ಕೆ ತಂದವರು ಬೆಳಗಾವಿ ಜಿಲ್ಲೆಯವರೇ ಆದ ಪ್ರೊ. ಕೆ. ಜಿ. ಕುಂದಣಗಾರ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1961ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರೆಂಬುದು ಕನ್ನಡಿಗರಿಗೆ ನೆನಪಿದೆ. ಪುರಾತತ್ತ್ವ ಬಲ್ಲವರು ಅವರನ್ನು ನೆನೆಯುವುದು ಬೇರೊಂದು ಕಾರಣಕ್ಕೆ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದಲ್ಲಿ ತಾಮ್ರ ಮತ್ತು ಕಂಚಿನ ವಸ್ತುಗಳ ದೊಡ್ಡ ನಿಧಿಯೊಂದು ದೊರೆಯಿತು. ವಿದ್ವಾಂಸರು ಇಂದಿಗೂ ಅದನ್ನು ಕುಂದಣಗಾರರ ಹೆಸರಿನಿಂದಲೇ ಕರೆಯುತ್ತಾರೆ. ನೂರರಷ್ಟು ವಸ್ತುಗಳಲ್ಲಿ ಕೆಲವು ಮಾತ್ರ ರೋಮನ್ ಜಗತ್ತಿನಿಂದ ಬಂದವು. ಅವುಗಳಲ್ಲಿ ಹೆಸರುವಾಸಿಯಾದದ್ದು ಗೇಣುದ್ದಕ್ಕಿಂತ ಚಿಕ್ಕದಾದ ಒಂದು ಪ್ರತಿಮೆ, ಗ್ರೀಕರ ಸಮುದ್ರದೇವನಾದ ಪೊಸೈಡನ್ನನದು. ಆಥೇನೆಯ ಬೀದಿಗಳಲ್ಲಿ ಪೌಲನು ಜನರ ಪೂಜಾವಸ್ತುಗಳನ್ನು ಗಮನವಿಟ್ಟು ನೋಡುತ್ತಾ ನಡೆದನೆಂದು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಹೇಳುತ್ತದೆ. ಅವನು ಕಂಡಂಥ ದೇವರೊಬ್ಬನು ಶಾತವಾಹನರ ಕಾಲದ ದಖ್ಖನಿಗೆ ಸರಕಿನ ಜೊತೆ ಬಂದಿಳಿದದ್ದನ್ನು ನೆನೆದರೆ ಹೊಸ ಒಡಂಬಡಿಕೆಯ ಲೋಕ ನಮ್ಮ ಕರಾವಳಿಯಿಂದ ಎಷ್ಟು ದೂರವಿತ್ತೆಂಬ ಅಳತೆಯೇ ಬದಲಾಗುತ್ತದೆ.

1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಮತ್ತು ಎಂ. ಜಿ. ದೀಕ್ಷಿತರು ಅದೇ ದಿಬ್ಬದಲ್ಲಿ ಪದರ ಪದರವಾಗಿ ಉತ್ಖನನ ನಡೆಸಿದರು. ಅದರ ವರದಿ 1952ರಲ್ಲಿ ಪ್ರಕಟವಾಯಿತು. ಕೊಲ್ಹಾಪುರದ ಟೌನ್ ಹಾಲಿನ ವಸ್ತುಸಂಗ್ರಹಾಲಯ ಬ್ರಹ್ಮಪುರಿಯ ಈ ವಸ್ತುಗಳ ನಿಮಿತ್ತವಾಗಿ ಹುಟ್ಟಿದ್ದು. ಪ್ರತಿಮೆಯ ಕಾಲದ ಕುರಿತು ವಿದ್ವಾಂಸರು ದಶಕಗಳ ಕಾಲ ವಾದಿಸಿದ್ದಾರೆ. ಆದರೆ ಆ ವಾದ ಸಾಧ್ಯವಾದದ್ದೇ ನಿಧಿ ಯಾವ ದಿಬ್ಬದ್ದು, ಜೊತೆಗಿದ್ದ ವಸ್ತುಗಳು ಯಾವುವು ಎಂಬುದು ತಿಳಿದಿದ್ದರಿಂದ. ಇದೇ ಪೊಸೈಡನ್ ದಲ್ಲಾಳಿಯೊಬ್ಬನ ಕೈ ಸೇರಿ ಯೂರೋಪಿನ ಹರಾಜಿನಲ್ಲಿ ಕಾಣಿಸಿಕೊಂಡಿದ್ದರೆ ಅದು ಸುಂದರವಾದ ಇನ್ನೊಂದು ರೋಮನ್ ಕಂಚಾಗಿ ಉಳಿಯುತ್ತಿತ್ತು. ಪಂಚಗಂಗೆಯ ದಡದ ಮನೆಯೊಂದಕ್ಕೂ ರೋಮನ್ ಸಮುದ್ರಕ್ಕೂ ಇದ್ದ ನಂಟು ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರಾಚ್ಯವಸ್ತುವಿನ ಬೆಲೆಯೆಂದು ನಾವು ಕರೆಯುವುದರಲ್ಲಿ ಲೋಹದ ಪಾಲು ಅತ್ಯಲ್ಪ.

ಗಡಿಭಾಗದಲ್ಲಿ ಆಗಾಗ ಕೇಳಿಬರುವ ಪ್ರಶ್ನೆಯೊಂದಿದೆ: ಕನ್ನಡ ಶಾಸನಗಳೂ ಕನ್ನಡ ವಿದ್ವಾಂಸನ ಹೆಸರಿನ ನಿಧಿಯೂ ಮಹಾರಾಷ್ಟ್ರದಲ್ಲಿ ಏಕಿರಬೇಕು? ಈ ವಾದದಲ್ಲಿ ನನಗೆ ಹುರುಳು ಕಾಣದು. ವಸ್ತು ತಾನು ಸಿಕ್ಕ ನೆಲದ ಸಮೀಪದಲ್ಲಿದೆ, ಸಾರ್ವಜನಿಕರಿಗೆ ತೆರೆದಿದೆ. ಕೇಳಬೇಕಾದದ್ದು ಯಾರು ಒಡೆಯರು ಎಂಬುದನ್ನಲ್ಲ, ಯಾರು ಲೆಕ್ಕ ಒಪ್ಪಿಸುತ್ತಾರೆ ಎಂಬುದನ್ನು. ಧಾರವಾಡದಲ್ಲಿ 1939ರಲ್ಲಿ ಆರಂಭವಾಗಿ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆಯ ಶಿಲ್ಪ, ಶಾಸನ, ಓಲೆಗರಿಗಳಿಗೂ ಇದೇ ಮಾತು ಸಲ್ಲುತ್ತದೆ.

ಸೆಮಿನರಿಗಳಾದರೋ ಈ ವಿಷಯದಲ್ಲಿ ಬರಿಯ ಪ್ರೇಕ್ಷಕರಲ್ಲ. ಅಮೆರಿಕದ ವೈದ್ಯ ಮಿಷನರಿ ಹೆನ್ರಿ ಬೈರನ್ ಹ್ಯಾಸ್ಕೆಲ್ 1859ರ ಸುಮಾರಿಗೆ ನಿಮ್ರೂದಿನ ಅಶ್ಶೂರ್ಯ ಅರಮನೆಯ ಕೆತ್ತನೆಯ ಫಲಕಗಳನ್ನು ವರ್ಜೀನಿಯ ಥಿಯಾಲಾಜಿಕಲ್ ಸೆಮಿನರಿಗೆ ಕಳುಹಿಸಿಕೊಟ್ಟರು. ಬೈಬಲಿನ ಚರಿತ್ರೆಗೆ ಸಾಕ್ಷಿಯೆಂದು ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿದ ಕಲ್ಲುಗಳವು. 2018ರಲ್ಲಿ ಅವುಗಳಲ್ಲೊಂದನ್ನು ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಾಗ ಸುಮಾರು 3 ಕೋಟಿ 10 ಲಕ್ಷ ಡಾಲರ್ ಬಂದಿತು. ಇರಾಕಿನ ಸರ್ಕಾರ ಆಕ್ಷೇಪಿಸಿತು. ಮಾರಾಟ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಹಣ ವಿದ್ಯಾರ್ಥಿವೇತನಕ್ಕೆ ಎಂಬ ಕಾರಣವನ್ನು ಹಗುರವಾಗಿ ತಳ್ಳಿಹಾಕಲಾಗದು. ಬಡ ವಿದ್ಯಾರ್ಥಿಗಳ ಶುಲ್ಕದ ಕಷ್ಟ ಬಲ್ಲವರಿಗೆ ಆ ಪ್ರಲೋಭನೆ ಅರ್ಥವಾಗುತ್ತದೆ. ಆದರೂ ಪಾಠಕ್ಕೆಂದು ಬಂದ ಕಲ್ಲು ಬಂಡವಾಳವಾದ ಗಳಿಗೆಯಲ್ಲಿ ಅದು ಮೊದಲು ಯಾರ ನೆಲದಿಂದ ಎದ್ದಿತೆಂಬ ಪ್ರಶ್ನೆಗೆ ಸೆಮಿನರಿಯ ಬಳಿ ಉತ್ತರವಿರಬೇಕಿತ್ತು.

ಇನ್ನು ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದ ಸಂಗತಿ. ಅದರ ಸ್ಥಾಪಕ ಕುಟುಂಬದ ಹಾಬಿ ಲಾಬಿ ಕಂಪನಿ ಇರಾಕಿನ ಸಾವಿರಾರು ಪ್ರಾಚ್ಯವಸ್ತುಗಳನ್ನು ಅಕ್ರಮವಾಗಿ ತರಿಸಿದ ಪ್ರಕರಣದಲ್ಲಿ 2017ರಲ್ಲಿ 30 ಲಕ್ಷ ಡಾಲರ್ ತೆರಲು ಒಪ್ಪಿತು. ಪೆಟ್ಟಿಗೆಗಳ ಮೇಲೆ ಹೆಂಚಿನ ಮಾದರಿಗಳೆಂದು ಬರೆದಿತ್ತು. ಅದೇ ಸಂಗ್ರಹಾಲಯದ ಮೃತಸಮುದ್ರ ಸುರುಳಿಗಳ 16 ತುಣುಕುಗಳೂ ನಕಲಿಯೆಂದು 2020ರಲ್ಲಿ ಸಾಬೀತಾಯಿತು. ದೇವರ ವಾಕ್ಯದ ಮೇಲಿನ ಪ್ರೀತಿಯೇ ಕಳ್ಳಸಂತೆಗೆ ಗಿರಾಕಿಯನ್ನು ಒದಗಿಸಿತೆಂಬುದು ಈ ಕಥೆಯ ಕಹಿ.

ಸಂಗ್ರಹಿಸುವವರು ಒಂದು ಕಾಲಕ್ಕೆ ವಿಮೋಚನಕಾಂಡದ ಆಧಾರ ಕೊಡುತ್ತಿದ್ದರು: ಇಸ್ರಾಯೇಲ್ಯರು ಐಗುಪ್ತದ ಬೆಳ್ಳಿಬಂಗಾರವನ್ನು ಹೊತ್ತು ತಂದರಲ್ಲವೇ, ಅನ್ಯರ ವಿದ್ಯೆಯನ್ನು ಸಭೆ ಬಳಸಿಕೊಳ್ಳಬಹುದೆಂದು ಅಗಸ್ತೀನನೂ ಅದನ್ನೇ ಉದಾಹರಿಸಿದನಲ್ಲವೇ ಎಂದು. ಆದರೆ ಅಗಸ್ತೀನನು ಹೇಳಿದ್ದು ವಿದ್ಯೆಯ ಮಾತು, ವಿಗ್ರಹದ ಪೆಟ್ಟಿಗೆಗಳ ಮಾತಲ್ಲ. ನಮಗೆ ಹೆಚ್ಚು ಸಲ್ಲುವುದು ಎಜ್ರನ ಮೊದಲನೆಯ ಅಧ್ಯಾಯ. ನೆಬೂಕದ್ನೆಚ್ಚರನು ಯೆರೂಸಲೇಮಿನ ಆಲಯದಿಂದ ಒಯ್ದ ಪಾತ್ರೆಗಳನ್ನು ಕೋರೆಷನು ಖಜಾಂಚಿಯಾದ ಮಿತ್ರದಾತನಿಂದ ಎಣಿಸಿ ತರಿಸಿ, ಶೆಷ್ಬಚ್ಚರನ ವಶಕ್ಕೆ ಒಪ್ಪಿಸುತ್ತಾನೆ. ಬೋಗುಣಿ, ಕತ್ತಿ, ಬಟ್ಟಲುಗಳ ಪಟ್ಟಿಯಿದೆ. ಒಟ್ಟು 5,400 ಎಂಬ ಲೆಕ್ಕವಿದೆ. ಪ್ರಸಂಗಕ್ಕೆ ಒದಗದ ಶುಷ್ಕ ಭಾಗವೆಂದು ನಾವು ದಾಟಿಹೋಗುವ ಆ ವಚನಗಳಲ್ಲಿ ವಸ್ತುಪಾಲನೆಯ ನೀತಿಯೆಲ್ಲ ಅಡಗಿದೆ. ಬೇಲ್ಶಚ್ಚರನಿಗೆ ಅವೇ ಪಾತ್ರೆಗಳು ಕುಡಿಯುವುದಕ್ಕೆ ಬೇಕಾಗಿದ್ದವು, ಎಣಿಸುವುದಕ್ಕಲ್ಲ. ಕೋರೆಷನ ಹೆಸರಿನ ಮಣ್ಣಿನ ಸುರುಳಿಯನ್ನು 1879ರಲ್ಲಿ ಬಾಬೆಲಿನಲ್ಲಿ ಹೊರತೆಗೆದ ಹೊರ್ಮುಜ್ದ್ ರಸ್ಸಾಮನು ಮೊಸುಲಿನ ಕ್ರೈಸ್ತ. ಆ ಸುರುಳಿ ಇಂದು ಲಂಡನ್ನಿನಲ್ಲಿದೆ.

ನಮ್ಮ ಮಿಷನ್ ಪರಂಪರೆಯಲ್ಲಿ ಎರಡು ದಾರಿಗಳೂ ಇವೆ. ಬಾಸೆಲ್ ಮಿಷನ್ನು 1860ರಲ್ಲಿ ಆರಂಭಿಸಿದ ಸಂಗ್ರಹಕ್ಕೆ ಮಿಷನ್ ಕ್ಷೇತ್ರಗಳಿಂದ ವಸ್ತುಗಳು ಹೋದವು. ಅವು ಈಗ ಬಾಸೆಲಿನ ಸಂಸ್ಕೃತಿಗಳ ವಸ್ತುಸಂಗ್ರಹಾಲಯದಲ್ಲಿವೆ. ಮೋಗ್ಲಿಂಗ್ ಮತ್ತು ಕಿಟ್ಟೆಲರಾದರೋ ಓಲೆಗರಿಗಳನ್ನು ಓದಿ, ಹೋಲಿಸಿ, ಅಚ್ಚು ಹಾಕಿಸಿ ಕನ್ನಡಿಗರಿಗೇ ಮರಳಿ ಕೊಟ್ಟರು. 1872ರ ‘ಶಬ್ದಮಣಿದರ್ಪಣ’ ಅಂಥದೊಂದು ಮರಳಿಕೆ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕಲಾವಸ್ತುಗಳೂ, ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯವುಳ್ಳ 75 ವರ್ಷ ದಾಟಿದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೇ. ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ. ಹಳೆಯ ಸಭೆಗಳ ಪಾದ್ರಿಮನೆಗಳಲ್ಲಿ ಬಲಿಪೀಠದ ಬೆಳ್ಳಿ ಬಟ್ಟಲು, ಸ್ನಾನಸಂಸ್ಕಾರದ ಕೈಬರಹದ ದಾಖಲೆ, ಯಾರೋ ಬಿಟ್ಟುಹೋದ ಓಲೆಗರಿಯ ಕಟ್ಟು ಇರುವುದು ಅಪರೂಪವಲ್ಲ. ಅವುಗಳಿಗೆ ಬೀರು ಸಾಲದು. ಏನು, ಎಲ್ಲಿಂದ, ಯಾವಾಗ ಬಂದಿತು, ಈಗ ಯಾರ ವಶದಲ್ಲಿದೆ ಎಂಬ ನಾಲ್ಕು ಅಂಕಣಗಳ ಪುಸ್ತಕ ಬೇಕು. ಸಭಾಪಾಲಕರು ವರ್ಗವಾಗಿ ಹೋಗುವಾಗ ಬೀಗದಕೈಯ ಜೊತೆ ಆ ಪುಸ್ತಕವೂ ಮಿತ್ರದಾತನ ಪಟ್ಟಿಯಂತೆ ಕೈ ಬದಲಾಗಲಿ.