ಪೆಟ್ಟಿಗೆ ಅಗ್ಗ, ಓಡಾಟ ದುಬಾರಿ

ಅರಳಗುಪ್ಪೆಯ ತೋಟದಾಚೆಗೆ ಒಂದು ವೈ-ಫೈ ಲಿಂಕ್ ಹಾಕಿದ್ದೀವಿ ಅಂದುಕೊಳ್ಳಿ. ಅದು ನಡೀತಿದೆಯಾ ಅಂತ ಕಾಯೋಕೆ ಯಾವ ಪೆಟ್ಟಿಗೆ ಇಡೋದು? ಅತಿ ಅಗ್ಗದ್ದು ಸಾಕು ಅನ್ನಿಸುತ್ತೆ. ಇತಿಹಾಸ ನೋಡಿದರೆ ನನಗೆ ಹಾಗನ್ನಿಸಲ್ಲ.

2005ರಲ್ಲಿ ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈಗೆ ಲೈಸೆನ್ಸ್ ಬೇಡ ಅಂತಾಯಿತು. ಆ ಕಾಲದಲ್ಲೇ ತಮಿಳುನಾಡಿನ ತೇನಿಯಲ್ಲಿ ಅರವಿಂದ್ ಕಣ್ಣಾಸ್ಪತ್ರೆಗೆ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ದೂರದ ವೈ-ಫೈ ಹಾಕಿಕೊಟ್ಟರು. ಹಳ್ಳಿ ಕೇಂದ್ರದಲ್ಲಿ ರೋಗಿ, ಆಸ್ಪತ್ರೆಯಲ್ಲಿ ಡಾಕ್ಟರು, ನಡುವೆ ವಿಡಿಯೋ. ಲಿಂಕ್ ಬಿದ್ದರೆ ರೋಗಿ ಬಸ್ಸು ಹತ್ತಬೇಕು.

ಅಲ್ಲಿ ದೊಡ್ಡ ಶತ್ರು ರೇಡಿಯೋ ಅಲ್ಲ, ಕರೆಂಟು. ವೋಲ್ಟೇಜ್ ಏರಿಳಿತಕ್ಕೆ ಬೋರ್ಡ್ ಸುಡೋದು, ಮೆಮೊರಿ ಕಾರ್ಡ್ ಕೆಡೋದು. ಹಾಗಾಗಿ ಅವರು ವೋಲ್ಟೇಜ್ ಹದವಾಗಿಡೋ ಸರ್ಕ್ಯೂಟ್, ಹ್ಯಾಂಗ್ ಆದರೆ ರೀಬೂಟ್ ಮಾಡೋ ವಾಚ್‌ಡಾಗ್, ಕೇಳದೆಯೇ ವರದಿ ಕಳಿಸೋ ಪ್ರೋಗ್ರಾಂ ಸೇರಿಸಿದರು. 2008ರ ಅವರ ಪ್ರಬಂಧದಲ್ಲಿ ಈ ಪಾಠಗಳಿವೆ.

2012ರಲ್ಲಿ 35 ಡಾಲರಿನ ರಾಸ್ಪ್‌ಬೆರಿ ಪೈ ಬಂತು. ನಮ್ಮ ತುಮಕೂರು ಜಿಲ್ಲೆಯ ದುರ್ಗದಹಳ್ಳಿಯಲ್ಲೇ ಜನಸ್ತು ಸಂಸ್ಥೆ ಊರಿನ ವೈ-ಫೈ ಮೆಶ್ ಕಟ್ಟಿತು. ಈಗ ಪೆಟ್ಟಿಗೆ ಅಗ್ಗ, ಅಲ್ಲಿಗೆ ಹೋಗಿ ಬರೋದೇ ದುಬಾರಿ.

ಮಳೆಯಲ್ಲಿ ನೆಂದ ತೆಂಗಿನ ಗರಿ ಸಿಗ್ನಲ್ ನುಂಗುತ್ತೆ. ಕರೆಂಟು ಹೋದರೂ ಲಿಂಕ್ ಸಾಯುತ್ತೆ. ಮನೆಯಲ್ಲಿ ಕೂತವರಿಗೆ ಎರಡೂ ಒಂದೇ ಮೌನ. ಅದಕ್ಕೇ ನನ್ನ ಆಯ್ಕೆ: ಸಿಗ್ನಲ್ ಜೊತೆ ವೋಲ್ಟೇಜನ್ನೂ ಬರೆದಿಡೋ, ಬ್ಯಾಟರಿ ಇರೋ ಪೆಟ್ಟಿಗೆ. ನಾಲ್ಕು ಕಾಸು ಹೆಚ್ಚಾದರೂ, ಏಣಿ ಹೊತ್ತುಕೊಂಡು ಹೋಗಬೇಕಾ, ಕರೆಂಟಿಗೆ ಕಾಯಬೇಕಾ ಅನ್ನೋದನ್ನ ಅದು ಮೊದಲೇ ಹೇಳುತ್ತೆ.