ಮದ್ದೂರು ಸ್ಟೇಷನ್ನಿನಲ್ಲಿ ಇಳಿದವರು

ಪರದೇಶದಲ್ಲಿ ಬಾಡಿಗೆ ಮನೆ ಹುಡುಕೋದು ಅಂದ ಕೂಡಲೇ ನಮಗೆ ನೆನಪಾಗೋದು ಇಲ್ಲಿಂದ ಅಲ್ಲಿಗೆ ಹೋದವರ ಪಾಡು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಯ ಮಕ್ಕಳು ಈಗ ಕಡಲಾಚೆ ಇದ್ದಾರೆ. ಆದರೆ ಕಡಲಾಚೆಯಿಂದ ಈ ಮೂರು ಊರಿಗೆ ಬಂದವರೂ ಇದ್ದರಲ್ಲ, ಅವರಿಗೆ ಸೂರು ಕೊಟ್ಟವರು ಯಾರು? ಈ ಪ್ರಶ್ನೆ ನನ್ನನ್ನು ಕಾಡೋಕೆ ಶುರುವಾಗಿದ್ದು ಕೆನಡಾಗೆ ಬಂದಮೇಲೆ.

ಶಿವನಸಮುದ್ರದಿಂದಲೇ ಶುರು ಮಾಡೋಣ. ಮಳವಳ್ಳಿ ತಾಲ್ಲೂಕಿನ ಈ ಜಲಪಾತ ನೋಡೋಕೆ ಬಿಳಿಯರು ಹತ್ತೊಂಬತ್ತನೇ ಶತಮಾನದ ಆರಂಭದಿಂದಲೂ ಬರ್ತಿದ್ದರು. ಆಗ ಅಲ್ಲಿ ತಂಗೋಕೆ ಜಾಗ ಇರಲಿಲ್ಲ, ಹಳೇ ಸೇತುವೆಗಳು ಬಿದ್ದುಹೋಗಿದ್ದವು. ಮೈಸೂರು ರೆಸಿಡೆಂಟರ ನಂಬುಗೆಯ ನೌಕರರಾಗಿದ್ದ ರಾಮಸ್ವಾಮಿ ಮೊದಲಿಯಾರರು ಸ್ವಂತ ದುಡ್ಡು ಹಾಕಿ ಸೇತುವೆ ಸರಿಮಾಡಿಸಿದರು, ಐರೋಪ್ಯ ಯಾತ್ರಿಕರಿಗೆ ಅಂತ ನಡುಗಡ್ಡೆಯಲ್ಲಿ ಒಂದು ಬಂಗಲೆ ಕಟ್ಟಿಸಿದರು. ಸರ್ಕಾರ ಅವರಿಗೆ ‘ಜನೋಪಕಾರ ಕಾಮಕರ್ತ’ ಅನ್ನೋ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ಅಂದರೆ ನಮ್ಮ ಕಡೆ ಪರದೇಶಿಗೆ ಮೊದಲು ಸಿಕ್ಕ ಸೂರುಗಳಲ್ಲಿ ಒಂದು ಬಾಡಿಗೆಯದಲ್ಲ, ಧರ್ಮದ್ದು. ಹಾಗಂತ ಅದು ಎಲ್ಲರಿಗೂ ತೆರೆದ ಛತ್ರವೂ ಅಲ್ಲ. ಯಾರಿಗೆ ಅಂತ ಕಟ್ಟಿಸುವಾಗಲೇ ತೀರ್ಮಾನ ಆಗಿತ್ತು.

1880ರ ದಶಕದ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಬಂತು. ಶಿವನಸಮುದ್ರಕ್ಕೆ ಹೋಗುವವರು ಮದ್ದೂರಿನಲ್ಲಿ ಇಳಿಯಬೇಕಿತ್ತು. ಅಲ್ಲಿಂದ ಮಳವಳ್ಳಿ ಮೇಲೆ ಸುಮಾರು ಮೂವತ್ತು ಮೈಲಿ ಗಾಡಿ ದಾರಿ. ಹೊಸ ಶತಮಾನ ಹುಟ್ಟೋ ಹೊತ್ತಿಗೆ ಆ ದಾರಿಯಲ್ಲಿ ಬೇರೆ ಥರದ ಪರದೇಶಿಗಳು ಬಂದರು. ಇವರು ನೋಡೋಕೆ ಬಂದವರಲ್ಲ, ಇರೋಕೆ ಬಂದವರು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆಯೋ ಯೋಜನೆ ರೂಪುಗೊಂಡಿತು. ಅದರ ಹಿಂದೆ ಇದ್ದ ಎಂಜಿನಿಯರು ಎ. ಸಿ. ಜೋಲಿ ಡಿ ಲೋಟ್‌ಬಿನಿಯೇರ್. ಕೆನಡಾದವರು, ಕ್ವಿಬೆಕ್ ಪ್ರಾಂತದ ಪ್ರಧಾನಿಯಾಗಿದ್ದವರ ಮಗ. ಟರ್ಬೈನು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಯಂತ್ರದ ಜೊತೆ ಅದನ್ನು ಕೂರಿಸೋ ಜನವೂ ಬಂದರು. 1902ರ ಜೂನ್ 30ರಂದು ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರೀತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಈ ಪರದೇಶಿಗಳಿಗೆ ವಸತಿ ಎಲ್ಲಿ? ಮಳವಳ್ಳಿಯಲ್ಲಿ ಮನೆ ಮನೆ ಬಾಗಿಲು ತಟ್ಟೋ ಪ್ರಮೇಯ ಅವರಿಗೆ ಬರಲಿಲ್ಲ. ವಿದ್ಯುದಾಗಾರದ ಹತ್ತಿರವೇ ವಸತಿ ಎದ್ದಿತು. ಆ ಜಾಗವನ್ನು ಜನ ಇವತ್ತಿಗೂ ಬ್ಲಫ್ ಅಂತಾರೆ. ಆದರೆ ಸುಖದ ಜಾಗ ಅಂತ ತಿಳೀಬೇಡಿ. ಶಿವನಸಮುದ್ರ ಮಲೇರಿಯಾಕ್ಕೆ ಕುಖ್ಯಾತವಾಗಿತ್ತು. ಸೊಳ್ಳೆ ಬಂಗಲೆ ಗುಡಿಸಲು ಅಂತ ಭೇದ ಮಾಡೋದಿಲ್ಲ. ಆದರೂ ಸೊಳ್ಳೆ ಪರದೆ, ಎತ್ತರದ ಜಗುಲಿ, ಕ್ವಿನೈನು ಯಾರ ಕೈಗೆ ಮೊದಲು ಎಟುಕುತ್ತದೆ ಅನ್ನೋದು ಮನೆಯ ಮೇಲೇ ನಿಂತಿರುತ್ತೆ. ನಾಲೆ ತೋಡಿದ, ಬಂಡೆ ಒಡೆದ ಕೂಲಿಯವರ ಹೆಸರು ನಮಗೆ ಸಿಗೋದಿಲ್ಲ.

ಮುಂದೆ ಮಂಡ್ಯಕ್ಕೆ ಬಂದ ಇನ್ನೊಬ್ಬರು ಲೆಸ್ಲಿ ಕೋಲ್ಮನ್. ಅವರೂ ಕೆನಡಾದವರೇ! ಒಂಟಾರಿಯೊದಲ್ಲಿ 1878ರಲ್ಲಿ ಹುಟ್ಟಿ, ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಬೆಳೆಗೆ ಬರೋ ಬೂಷ್ಟು, ಕೀಟ ಅವರ ವಿಷಯ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹುಡುಕಿದರು, ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರಾದರು. ನಾಲೆ ನೀರು ಬಂದು ಮಂಡ್ಯದ ಬಯಲು ಕಬ್ಬಿನ ಬಯಲಾಗೋ ಹೊತ್ತಿಗೆ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಕೋಲ್ಮನ್ ದುಡಿಮೆ ದೊಡ್ಡದು. ಮಂಡ್ಯದ ಜನ ಅವರನ್ನು ಮರೆತಿಲ್ಲ. ಅವರು ಕಾಲು ಶತಮಾನ ನಮ್ಮ ನೆಲದಲ್ಲಿ ಬಾಳಿ ಮತ್ತೆ ಕೆನಡಾ ಸೇರಿದರು.

ಈಗ ನನ್ನ ಮಾತು. ನಾನೂ ನನ್ನ ಹೆಂಡತಿಯೂ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಕೋಲ್ಮನ್ ಓದಿದ ಅದೇ ಟೊರಾಂಟೊದಲ್ಲಿ ಮೂರು ವಾರ ಮನೆ ಹುಡುಕಿದೆವು. ಕೆಲಸದ ಪತ್ರ ಕೊಡಿ ಅಂದರು, ಕೊಟ್ಟೆವು. ಮೊದಲ ತಿಂಗಳ ಬಾಡಿಗೆ, ಕೊನೇ ತಿಂಗಳ ಬಾಡಿಗೆ ಎರಡೂ ಈಗಲೇ ಇಡಿ ಅಂದರು, ಇಟ್ಟುಕೊಂಡೇ ಹೋಗಿದ್ದೆವು. ಕೊನೆಗೆ ಕೇಳಿದ್ದು ಕ್ರೆಡಿಟ್ ಹಿಸ್ಟರಿ. ನಿನ್ನೆ ಮೊನ್ನೆ ವಿಮಾನ ಇಳಿದವನಿಗೆ ಆ ದೇಶದಲ್ಲಿ ಸಾಲದ ಚರಿತ್ರೆ ಎಲ್ಲಿಂದ ಬರಬೇಕು? ಒಬ್ಬ ಮನೆಯೊಡೆಯ ಮಾತ್ರ ನಗುನಗುತ್ತಲೇ ‘ಅಡುಗೆ ಏನು ಮಾಡ್ತೀರಿ, ವಾಸನೆ ಜಾಸ್ತಿ ಇರುತ್ತಾ?’ ಅಂತ ಕೇಳಿದ. ಜನಾಂಗ, ಧರ್ಮ, ಮಕ್ಕಳಿದ್ದಾರೆ ಅನ್ನೋ ಕಾರಣಕ್ಕೆ ಮನೆ ನಿರಾಕರಿಸಬಾರದು ಅಂತ ಒಂಟಾರಿಯೊದಲ್ಲಿ ಕಾನೂನಿದೆ. ಅವನು ನಿರಾಕರಿಸಲಿಲ್ಲ, ಆಮೇಲೆ ಫೋನ್ ಎತ್ತಲಿಲ್ಲ ಅಷ್ಟೇ.

ಅವತ್ತು ಹೆಂಡತಿ ಒಂದು ಮಾತು ಅಂದಳು: ‘ಅವನು ಕೇಳಿದ್ದು ವಾಸನೆ. ನಮ್ಮೂರಲ್ಲಿ ನೇರವಾಗಿ ಕೇಳ್ತಾರೆ, ನೀವು ಯಾವ ಜನ ಅಂತ.’ ನಿಜ. ನಮ್ಮ ಊರುಗಳಲ್ಲಿ ಬಾಡಿಗೆಗೆ ಮನೆ ಕೇಳಿ ನೋಡಿ. ‘ಎಲ್ಲಾಯ್ತು ಕಣಪ್ಪ, ನೀವ್ ಯಾವ್ ಜನ?’ ಅನ್ನೋ ಪ್ರಶ್ನೆ ಅಡ್ವಾನ್ಸ್ ಮಾತಿಗಿಂತ ಮೊದಲೇ ಬರುತ್ತೆ. ಕೆಲವು ಕಡೆ ‘ಸಸ್ಯಾಹಾರಿಗಳಿಗೆ ಮಾತ್ರ’ ಅನ್ನೋ ಬೋರ್ಡೇ ಆ ಪ್ರಶ್ನೆ ಕೇಳಿಬಿಡುತ್ತೆ.

ನಮ್ಮ ಊರಿನ ಈ ಒಳಗೋಡೆಗಳನ್ನು ಹೊರಗಿನಿಂದ ಬಂದು ಬರೆದಿಟ್ಟ ಪರದೇಶಿಯೂ ಒಬ್ಬರಿದ್ದಾರೆ. ಸ್ಕಾರ್ಲೆಟ್ ಎಪ್‌ಸ್ಟೈನ್, 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ಪಾಲಾದಾಗ ಮನೆ ಬಿಟ್ಟು ಓಡಿ ಇಂಗ್ಲೆಂಡ್ ಸೇರಿದರು. ಮ್ಯಾಂಚೆಸ್ಟರಿನಲ್ಲಿ ಓದಿ 1954ರಲ್ಲಿ ಮಂಡ್ಯದ ಕಡೆಗೆ ಬಂದರು. ನಾಲೆ ನೀರು ಹರಿದ ಒಂದು ಹಳ್ಳಿ, ನೀರು ಹತ್ತದ ಇನ್ನೊಂದು ಹಳ್ಳಿ, ಎರಡರಲ್ಲೂ ಇದ್ದು ಅಭ್ಯಾಸ ಮಾಡಿದರು. ಪುಸ್ತಕದಲ್ಲಿ ಆ ಹಳ್ಳಿಗಳಿಗೆ ವಂಗಲ, ದಲೇನ ಅಂತ ಮರೆಹೆಸರು. 1962ರಲ್ಲಿ ಅದು ಅಚ್ಚಾಯಿತು.

ಅವರು ಕಂಡದ್ದು ಕುತೂಹಲದ್ದು. ನೀರು ಬಂದ ಹಳ್ಳಿ ಶ್ರೀಮಂತವಾಯಿತು, ಆದರೆ ಹಳೇ ಕಟ್ಟುಪಾಡು, ಯಜಮಾನ–ಆಳಿನ ಸಂಬಂಧ ಮೊದಲಿನಂತೇ ಉಳಿಯಿತು. ನೀರು ಬರದ ಹಳ್ಳಿಯವರು ಹೊಟ್ಟೆಪಾಡಿಗೆ ಹೊರಗೆ ಹೋಗಲೇಬೇಕಾಯಿತು. ವ್ಯಾಪಾರ, ಗಾಡಿ, ಮಂಡ್ಯದ ಕೆಲಸ ಅಂತ ಹೊರಟರು, ಹಳ್ಳಿಯೊಳಗಿನ ಗಂಟುಗಳು ಸಡಿಲವಾದವು. ಮನೆ ಕಳಕೊಂಡು ದೇಶ ದೇಶ ದಾಟಿದ ಹೆಣ್ಣು ನಮ್ಮವರ ಬಗ್ಗೆ ಬರೆದ ಈ ಮಾತನ್ನು ನಾನು ಟೊರಾಂಟೊದಲ್ಲಿ ಕೂತು ಓದುವಾಗ ಬೇರೆಯದೇ ಅರ್ಥ ಹೊಳೀತು. ಇದ್ದಲ್ಲೇ ಇದ್ದು ಉಂಡವನಿಗೆ ಇನ್ನೊಬ್ಬನಿಗೆ ಬಾಗಿಲು ತೆಗೆಯೋ ಅಗತ್ಯ ಕಾಣೋದಿಲ್ಲ. ಹೊಸಿಲು ದಾಟಿದವನಿಗೆ ಮಾತ್ರ ಹೊಸಿಲು ಎಷ್ಟು ಎತ್ತರ ಅಂತ ಗೊತ್ತಾಗೋದು. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಅದೇ ಹಳ್ಳಿಗಳಿಗೆ ಬಂದರು.

ಕನ್ನಡದಲ್ಲಿ ‘ಒಕ್ಕಲು’ ಅನ್ನೋ ಪದ ಇದೆಯಲ್ಲ, ಅದನ್ನೊಮ್ಮೆ ಯೋಚಿಸಿ. ಒಕ್ಕಲು ಅಂದರೆ ಬೇಸಾಯಗಾರ. ಒಕ್ಕಲು ಅಂದರೆ ಸಂಸಾರ, ವಾಸ. ಒಕ್ಕಲು ಅಂದರೆ ಇನ್ನೊಬ್ಬರ ಜಾಗದಲ್ಲಿ ಇರುವವನೂ ಹೌದು. ಗೃಹಪ್ರವೇಶಕ್ಕೂ ಮನೆ ಒಕ್ಕಲು ಅಂತಾರೆ. ನೆಲದ ಒಡೆಯ ಅಂತ ಎದೆ ತಟ್ಟಿಕೊಳ್ಳೋ ನಮ್ಮ ಸೀಮೆಯ ಹೆಸರಿನಲ್ಲೇ ಬಾಡಿಗೆದಾರನೂ ಕೂತಿದ್ದಾನೆ!

ನಮಗೆ ಕೊನೆಗೂ ಮನೆ ಸಿಕ್ಕಿತು. ಕೊಟ್ಟವರು ತಾವೂ ಮೂವತ್ತು ವರ್ಷದ ಹಿಂದೆ ಬೇರೆ ದೇಶದಿಂದ ಬಂದ ಒಬ್ಬ ಮುದುಕಿ. ಕ್ರೆಡಿಟ್ ಹಿಸ್ಟರಿ ಕೇಳಲಿಲ್ಲ, ಮಗಳ ಹೆಸರು ಕೇಳಿದರು.

ಈಗ ಮಂಡ್ಯದ ಆಲೆಮನೆಗಳಲ್ಲಿ ಬೆಲ್ಲ ಕಾಯಿಸೋಕೆ ಉತ್ತರಪ್ರದೇಶ, ಬಿಹಾರದಿಂದ ಜನ ಬರ್ತಾರೆ. ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಸಂಸಾರ ಸಮೇತ ಬಂದು ಗದ್ದೆ ಬದುವಿನಲ್ಲಿ ಗುಡಿಸಲು ಹಾಕ್ತಾರೆ. ಅವರಿಗಾಗಿ ಬಂಗಲೆ ಕಟ್ಟಿಸೋ ಮೊದಲಿಯಾರರೂ ಇಲ್ಲ, ಬ್ಲಫ್ ಥರದ ವಸತಿಯೂ ಇಲ್ಲ. ಕೋಲ್ಮನ್ನರನ್ನು ನೆನೆಯೋದು ಒಳ್ಳೇದೇ. ಅವರು ಬೆಳೆಸಿದ ಕಬ್ಬನ್ನು ಈಗ ಯಾರು ಕಡೀತಾರೋ, ಅವರ ಮಗು ರಾತ್ರಿ ಎಲ್ಲಿ ಮಲಗುತ್ತೆ ಅಂತಲೂ ಕೇಳಿ. ಅವರಲ್ಲೊಬ್ಬರು ‘ಮನೆ ಐತಾ?’ ಅಂತ ನಿಮ್ಮ ಬಾಗಿಲಿಗೆ ಬಂದರೆ, ಎರಡನೇ ಪ್ರಶ್ನೆ ಏನು ಕೇಳಬೇಕು ಅಂತ ಈಗಲೇ ಯೋಚಿಸಿಟ್ಟುಕೊಳ್ಳಿ.